ಎರಡು ನೆರಳು, ನಡುವೆ ಬರಿ ಬಟ್ಟೆ

ಕ್ಯಾನ್ವಾಸಿನ ಬೆನ್ನಿಗೆ ಮೊಹರು ಬಿದ್ದ ಮೇಲೆ ಎಲಾದಿಯೊ ತಲೆ ಎತ್ತಿ ಗೋಡೆಯ ಪೋಸ್ಟರು ನೋಡಿದ್ದು ತಪ್ಪಾಯಿತು. ಮೊದಲೇ ನೋಡಿದ್ದರೆ ಬಂದ ಬಸ್ಸಿನಲ್ಲೇ ಸಾರಾಗೊಸಾಕ್ಕೆ ವಾಪಸ್ಸು ಹೋಗಬಹುದಿತ್ತು. ತೀರ್ಪುಗಾರರು ಎಂಬ ಸಾಲಿನ ಕೆಳಗೆ, ಮೇಯರನ ಹೆಸರಿಗಿಂತ ದಪ್ಪ ಅಕ್ಷರದಲ್ಲಿ, ಒಲಾಯಾಳ ಹೆಸರು. ಯಾರಿಗಾದರೂ ಗೊತ್ತಾಗದೆ ಹೋದೀತು ಅನ್ನುವಂತೆ ಅದರ ಕೆಳಗೆ ‘ಎರಡು ನೆರಳಿನ ಕಲಾವಿದೆ’ ಅಂತ ಬೇರೆ. ಎರಡು ನೆರಳಿನ ಕಲಾವಿದೆ. ಎರಡು ನೆರಳಂತೆ. ಮೊಹರು ಹಾಕುತ್ತಿದ್ದ ಪುರಸಭೆಯ ಹೆಂಗಸು, “ಮುಂದೆ ಹೋಗಪ್ಪಾ, ನಿಂದು ಆಯ್ತಲ್ಲ, ಹಿಂದೆ ಜನ ಇದಾರೆ” ಎಂದಳು. ಅವನು ಬಿಳಿ ಕ್ಯಾನ್ವಾಸನ್ನು ಕಂಕುಳಲ್ಲಿ ಒತ್ತಿಕೊಂಡು ಪಕ್ಕಕ್ಕೆ ಸರಿದ. ಮೊಹರಿನ ಹಸಿ ಶಾಯಿ ಬೆರಳಿಗೆ ಹತ್ತಿತ್ತು. ಪ್ಯಾಂಟಿಗೆ ಒರೆಸಿಕೊಂಡ, ಹೋಗಲಿಲ್ಲ.

ಈ ಸ್ಪೇನ್ ದೇಶದಲ್ಲಿ ಗಂಟೆಗೋಪುರ ಇರುವ ಪ್ರತಿ ಊರಿಗೂ ತನ್ನ ಗೋಪುರವನ್ನು ಯಾರಾದರೂ ಬರೆಯಬೇಕೆಂಬ ತೆವಲು. ಬೇಸಿಗೆ ಬಂತೆಂದರೆ ಭಾನುವಾರಕ್ಕೊಂದು ಊರು. ಮನೆಯಿಂದ ಮುಗಿಸಿದ ಚಿತ್ರ ತಂದು ಮೋಸ ಮಾಡಬಾರದೆಂದು ಬೆಳಿಗ್ಗೆ ಖಾಲಿ ಕ್ಯಾನ್ವಾಸಿಗೆ ಮೊಹರು. ಮಧ್ಯಾಹ್ನದ ಊಟದ ಹೊತ್ತಿನ ತನಕ ಬೀದಿಯಲ್ಲಿ ಕೂತು ಬರೆಯುವುದು. ಆಮೇಲೆ ಚೌಕದಲ್ಲಿ ಅವರವರ ಚಿತ್ರದ ಪಕ್ಕದಲ್ಲಿ ಅವರವರು ತರಕಾರಿ ಮಾರುವವರ ಹಾಗೆ ನಿಲ್ಲುವುದು. ತೀರ್ಪುಗಾರರು ಬದನೆಕಾಯಿ ಒತ್ತಿ ನೋಡುವವರಂತೆ ಸಾಲಿನುದ್ದಕ್ಕೂ ಬರುತ್ತಾರೆ. ಗೆದ್ದ ಚಿತ್ರ ಊರಿನದಾಗುತ್ತದೆ. ಮನೆಗಂದಾಯ ಕಟ್ಟುವ ಕಿಟಕಿಯ ಪಕ್ಕದಲ್ಲಿ ಮೊಳೆ ಹೊಡೆದು ನೇತುಹಾಕುತ್ತಾರೆ. ಎಲಾದಿಯೊ ಇದರಲ್ಲೇ ಬದುಕುತ್ತಿದ್ದ. ಎಷ್ಟೋ ಕಂದಾಯದ ಕಿಟಕಿಗಳ ಪಕ್ಕದಲ್ಲಿ ಅವನ ಗೋಪುರಗಳು ನೇತಾಡುತ್ತಿದ್ದವು. ಅದನ್ನು ಒಬ್ಬಳು ನೋಡಬಾರದು, ಒಬ್ಬಳು ಮಾತ್ರ ನೋಡಬಾರದು ಎಂದುಕೊಂಡೇ ಇಷ್ಟು ವರ್ಷ ಹಳ್ಳಿ ಹಳ್ಳಿ ತಿರುಗಿದ್ದ. ಅವಳು ಮಾದ್ರಿದ್ ಬಿಟ್ಟು ಈ ತೊರ್ರೆಹೊಂದಾದಂಥ ಕೊಂಪೆಗೆ ಬರುತ್ತಾಳೆಂದು ಯಾವ ನಾಯಿಗೆ ಗೊತ್ತಿತ್ತು?

“ಏನ್ ಗುರೂ, ನಿನ್ ಹಳೇ ಹೆಂಡ್ತಿ ಬಂದವ್ಳಂತೆ!” ಗಾಸ್ಪರ್ ಬೆನ್ನಿಗೊಂದು ಹೊಡೆದ. ಎಲ್ಲ ಸ್ಪರ್ಧೆಗೂ ತಪ್ಪದೆ ಬರುವವನು ಗಾಸ್ಪರ್. ಎಲ್ಲೇ ಹೋಗಲಿ ನೀರಿನ ತೊಟ್ಟಿಯ ಮುಂದೆ ಕೂತು, ಇಲ್ಲದ ಪಾರಿವಾಳ ಮೂರು ಸೇರಿಸಿ, ಏನಾದರೊಂದು ಬಹುಮಾನ ಹೊಡೆಯುತ್ತಿದ್ದ.

“ಹೆಂಡ್ತಿ ಅಲ್ಲ.”

“ಮತ್ತೆ?”

“ಒಟ್ಟಿಗೆ ಪೇಂಟ್ ಮಾಡ್ತಿದ್ವಿ.”

“ಅದು ಇನ್ನೂ ಕೆಟ್ಟದ್ದು ಬಿಡು. ಹೆಂಡ್ತಿ ಆದ್ರೆ ಕೋರ್ಟಲ್ಲಿ ಅರ್ಧ ಕೊಡ್ತಾರೆ.” ಗಾಸ್ಪರ್ ತನ್ನ ಮಾತಿಗೆ ತಾನೇ ನಕ್ಕ. “ಮುಖ ಯಾಕೋ ಹಂಗ್ ಮಾಡ್ಕೊಂಡೆ? ಗೋಪುರ ಬರಿ, ಚೆನ್ನಾಗ್ ಬರಿ, ಅವಳೂ ಮನುಷ್ಯಳೇ. ಪಾಪ ಅಂತ ಏನಾದ್ರೂ ಕೊಟ್ಟಾಳು.”

ಪಾಪ ಅಂತ. ಆ ಎರಡು ಶಬ್ದ ಕಾಲಿಗೆ ಅಂಟಿದ ಸಗಣಿಯಂತೆ ಅವನ ಜೊತೆಗೇ ಬಂದವು. ಇಗರ್ಜಿಯ ಎದುರು, ಬಿಳಿಗೋಡೆಯ ನೆರಳಿನಲ್ಲಿ ಸ್ಟ್ಯಾಂಡು ಹೂಡಿ ಕೂತ. ಬಿಸಿಲು ಆಗಲೇ ಗೋಪುರದ ಇಟ್ಟಿಗೆಗಳನ್ನು ಒಂದೊಂದಾಗಿ ಎಣಿಸುವಂತೆ ಬೀಳುತ್ತಿತ್ತು. ಇದ್ದಲಿನಿಂದ ಒಂದು ಗೆರೆ ಎಳೆದ. ಗೋಪುರದ ಎಡ ಅಂಚು. ಇನ್ನೊಂದು ಗೆರೆ. ಕೈಗೆ ಎಲ್ಲ ಗೊತ್ತಿತ್ತು, ಕಣ್ಣು ಮುಚ್ಚಿದರೂ ಬರೆಯುತ್ತಿತ್ತು, ಆ ಕೈಯನ್ನು ಕಂಡರೆ ಅವನಿಗೇ ಹೇಸಿಗೆ. ಅವಳು ಬಂದು ಇದರ ಮುಂದೆ ನಿಲ್ಲುತ್ತಾಳೆ. ನೋಡುತ್ತಾಳೆ. ಏನೂ ಅನ್ನುವುದಿಲ್ಲ, ಅವಳಿಗೆ ಅನ್ನುವ ಅಭ್ಯಾಸವಿಲ್ಲ. ತಲೆ ಒಂದಿಷ್ಟು ವಾಲಿಸುತ್ತಾಳೆ. ಮಾಂಸದಂಗಡಿಯಲ್ಲಿ ಹಾಗೇ ವಾಲಿಸುತ್ತಿದ್ದಳು, ಕೊಕ್ಕೆಗಳ ಕೆಳಗೆ ನಿಂತು. ಮುಚ್ಚಿಹೋದ ಮಾಂಸದಂಗಡಿಯೊಂದನ್ನು ಇಬ್ಬರೂ ಬಾಡಿಗೆಗೆ ಹಿಡಿದಿದ್ದರು. ಎಷ್ಟು ತೊಳೆದರೂ ನೆಲದ ಹೆಂಚಿನ ಸಂದಿಯಿಂದ ಕೊಬ್ಬಿನ ವಾಸನೆ ಏಳುತ್ತಿತ್ತು. ದೊಡ್ಡ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಆ ಕೊನೆಗೆ ಒಂದು ದೀಪ, ಈ ಕೊನೆಗೆ ಒಂದು ದೀಪ. ಆ ಕೊನೆಯಿಂದ ಅವಳು ಒಂದು ನೆರಳು ಬರೆಯುತ್ತ ಬರಬೇಕು, ಈ ಕೊನೆಯಿಂದ ಅವನು ಇನ್ನೊಂದು. ಒಬ್ಬರ ನೆರಳನ್ನು ಇನ್ನೊಬ್ಬರ ಕುಂಚ ಮುಟ್ಟಬಾರದು. ಎರಡೂ ನೆರಳಿನ ಕಾಲುಗಳು ಎಲ್ಲಿ ಸೇರಬೇಕೋ ಅಲ್ಲಿ ಮನುಷ್ಯನಿರಬೇಕು. ಆ ಮನುಷ್ಯನನ್ನು ಮಾತ್ರ ಇಬ್ಬರೂ ಬರೆಯುವುದಿಲ್ಲ. ಅಲ್ಲಿ ಬರಿ ಬಟ್ಟೆ. ಮನುಷ್ಯನ ಆಕಾರದ ಬರಿ ಬಟ್ಟೆ. ಚಿತ್ರ ಮುಗಿದ ಮೇಲೆ ಇಬ್ಬರ ಹೆಸರೂ ಬೇಡವೆಂದು, ಬಾಗಿಲ ಮೇಲೆ ಉಳಿದಿದ್ದ ಆ ಸತ್ತ ಕಸಾಯಿಯ ಹೆಸರನ್ನೇ ಮೂಲೆಯಲ್ಲಿ ಬರೆಯುತ್ತಿದ್ದರು. ಬರೆದು ನಗುತ್ತಿದ್ದರು. ಆಮೇಲೆ ಕ್ಯಾನ್ವಾಸಿನ ಪಕ್ಕದಲ್ಲೇ, ಎಣ್ಣೆಬಣ್ಣದ ವಾಸನೆಯಲ್ಲಿ ಮಲಗುತ್ತಿದ್ದರು.

ಪತ್ರಿಕೆಯವರು ಬಂದರು. ಎರಡು ನೆರಳೆಂದರೆ ಎರಡು ಸ್ಪೇನ್ ಎಂದರು. ಅಣ್ಣ ತಮ್ಮನಿಗೆ ಗುಂಡು ಹೊಡೆದ ಅಂತರ್ಯುದ್ಧ ಎಂದರು; ನಡುವಿನ ಖಾಲಿ ಮನುಷ್ಯ ಇನ್ನೂ ರಸ್ತೆಬದಿಯ ಹೊಂಡಗಳಲ್ಲಿ ಹೆಸರಿಲ್ಲದೆ ಬಿದ್ದಿರುವ ಹೆಣ ಎಂದರು. ಈ ದೇಶದಲ್ಲಿ ಎರಡು ಮೊಟ್ಟೆ ಒಟ್ಟಿಗೆ ಕರಿದರೂ ಯಾರಾದರೊಬ್ಬ ಪಂಡಿತ ಬಂದು ಒಂದು ಎಡಪಂಥ, ಒಂದು ಬಲಪಂಥ ಅನ್ನುತ್ತಾನೆ. ಎಲಾದಿಯೊ ತುಟಿ ಬಿಚ್ಚಲಿಲ್ಲ. ಬಿಚ್ಚಿ ಏನು ಹೇಳುವುದು? ಅದು ನನ್ನಪ್ಪ ಅನ್ನುವುದೇ? ಅಪ್ಪ ಊರಿನ ತಂಡದ ಗೋಲ್‌ಕೀಪರು. ಹೊಟ್ಟೆ ಬಂದ ಮೇಲೂ, ಮೊಣಕಾಲು ಹೋದ ಮೇಲೂ, ಬೇರೆ ಯಾರೂ ಸಿಗದೆ ಅವನೇ. ಮೈದಾನಕ್ಕೆ ಎರಡೇ ದೀಪದ ಕಂಬ. ಚಳಿಗಾಲದ ಸಂಜೆ ಗೋಲಿನ ಮುಂದೆ ಅಪ್ಪ ನಿಂತರೆ ಎರಡು ನೆರಳು ಎರಡು ಕಡೆಗೆ ಓಡಿಹೋಗಲು ನೋಡುವಂತೆ ಬೀಳುತ್ತಿದ್ದವು. ಒಂದು ಸಂಜೆ ಚೆಂಡು ಕಾಲ ಸಂದಿಯಲ್ಲಿ ನುಸುಳಿತು. “ಮುದ್ಕಾ, ನೆರಳು ಹಿಡಿಯೋದ್ ಬಿಟ್ಟು ಚೆಂಡ್ ಹಿಡಿಯೋ!” ಅಂತ ಯಾರೋ ಕೂಗಿದರು. ಇಡೀ ಊರು ನಕ್ಕಿತು. ಎಲಾದಿಯೊ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕ, ಯಾಕೆಂದರೆ ನಗದಿದ್ದರೆ ತಾನು ಅವನ ಮಗನೆಂದು ಎಲ್ಲರೂ ತಿರುಗಿ ನೋಡುತ್ತಿದ್ದರು. ಅಷ್ಟು ನಗುವಿನ ನಡುವೆ ಮಗನ ನಗುವನ್ನು ಗುರುತು ಹಿಡಿದು ಅಪ್ಪ ತಿರುಗಿದ. ಬೈಯಲಿಲ್ಲ. ಬಲೆಯೊಳಗಿಂದ ಚೆಂಡು ಎತ್ತಿಕೊಳ್ಳಲು ಬಗ್ಗಿದ, ಅಷ್ಟೇ. ಇದನ್ನು ಎಲಾದಿಯೊ ಒಬ್ಬಳಿಗೆ ಮಾತ್ರ ಹೇಳಿದ್ದ, ಕೊಕ್ಕೆಗಳ ಕೆಳಗೆ ಮಲಗಿಕೊಂಡು. ಅವಳು ತಲೆ ವಾಲಿಸಿ, “ಅಪ್ಪನ್ನ ಬರೆಯೋದೇ ಬೇಡ. ನೆರಳಷ್ಟೇ ಸಾಕು” ಎಂದಿದ್ದಳು.

ಹಾಗಾದರೆ ಆ ಚಿತ್ರ ಯಾರದು? ಅಪ್ಪ ಅವನದು. ಬರಿ ಬಟ್ಟೆ ಅವಳದು. ಈ ಪ್ರಶ್ನೆಯನ್ನು ಅವನು ಎಂದೂ ಇಷ್ಟು ಪ್ರಾಮಾಣಿಕವಾಗಿ ಕೇಳಿಕೊಂಡಿರಲಿಲ್ಲ. ಈಗಲೂ ಕೇಳಿಕೊಂಡ ತಕ್ಷಣ ಉಗುಳಿಬಿಟ್ಟ. ಅವನದು. ಪೂರ್ತಿ ಅವನದು. ಕದ್ದಳು. ಕದ್ದಳು ಅಂದಾಗ ಬಾರಿನ ಆ ಮಧ್ಯಾಹ್ನ ಅಡ್ಡ ಬರುತ್ತಿತ್ತು, ಯಾವಾಗಲೂ ಬರುತ್ತಿತ್ತು, ದರಿದ್ರದ್ದು. ಮಾದ್ರಿದ್ದಿನ ಗ್ಯಾಲರಿಯವನಿಗೆ ಕಸಾಯಿಯ ಹೆಸರು ಬೇಡವಾಗಿತ್ತು, ಇಬ್ಬರ ಹೆಸರೂ ಬೇಡವಾಗಿತ್ತು, ಮಾರುವುದಕ್ಕೆ ಒಂದು ಮುಖ ಬೇಕಾಗಿತ್ತು. ವರ್ಮುತ್ ವೈನಿನ ಗ್ಲಾಸು ಎತ್ತಿ ಹಿಡಿದು, ಇಡೀ ಬಾರಿಗೆ ಕೇಳುವಂತೆ, “ನಿನ್ನ ಹೆಸರೇ ಹಾಕ್ಕೋ. ನಂಗೆ ಆ ಹೇಸಿಗೆ ಬೇಡ. ನಾನು ಪೇಂಟರು, ಸಂತೆ ಹಸು ಅಲ್ಲ” ಎಂದವನು ಎಲಾದಿಯೊನೇ. ಜನ ಚಪ್ಪಾಳೆ ತಟ್ಟಿದ್ದರು. ಅವಳು ಆಲಿವ್ ಕಾಯಿಯ ಬೀಜವನ್ನು ಅಂಗೈಯಲ್ಲಿ ಹಿಡಿದುಕೊಂಡು ಅಳುತ್ತಿದ್ದಳು. “ಬೇಡ ಎಲಾ. ಹೀಗ್ ಮಾಡ್ಬೇಡ. ನಾಳೆ ಇದಕ್ಕೆ ನೀನೇ ನನ್ನ ತಿಂತೀಯ” ಎಂದಿದ್ದಳು. ಅವಳು ಒಲ್ಲೆ ಅನ್ನುತ್ತಾಳೆಂದು ಕಾದ. ಒಂದಷ್ಟು ದಿನ ಅಂದಳು. ಆಮೇಲೆ ಅನ್ನಲಿಲ್ಲ. ಅವತ್ತಿನಿಂದ ಅವನು ಅವಳನ್ನು ತಿನ್ನುತ್ತಲೇ ಇದ್ದ, ದಿನಾ, ಊಟಕ್ಕೆ ಕೂತಾಗಲೆಲ್ಲ.

ಚೌಕಕ್ಕೆ ಒಂದು ಕಾರು ಬಂದು ನಿಂತಿತು. ಒಲಾಯಾ ಇಳಿದಳು. ಕೂದಲು ಬೆಳ್ಳಗಾಗಿತ್ತು, ಬಣ್ಣ ಹಚ್ಚಿರಲಿಲ್ಲ. ಮೇಯರು ಕೈ ಕುಲುಕಿದ, ಬಿಟ್ಟು ಮತ್ತೆ ಕುಲುಕಿದ. ಅವಳು ಗೋಪುರದ ಕಡೆ ನೋಡಿದಳು. ಅವಳ ದೃಷ್ಟಿ ಕೆಳಗಿಳಿದು ತನ್ನ ಮೇಲೆ ಬೀಳುವ ಮೊದಲೇ ಎಲಾದಿಯೊ ಚಿಂದಿ ತೆಗೆದುಕೊಂಡು ಇದ್ದಲಿನ ಗೆರೆಗಳನ್ನು ಒರೆಸಿ ಹಾಕಿದ. ಕ್ಯಾನ್ವಾಸನ್ನು ಸ್ಟ್ಯಾಂಡಿನಿಂದ ಕಿತ್ತು ಕಲ್ಲುಹಾಸಿನ ಮೇಲೆ ಮಲಗಿಸಿದ. ಮೊಣಕಾಲೂರಿದ. ಇವತ್ತು ಅವಳು ಬಾಯಿ ಬಿಟ್ಟು ಹೇಳಬೇಕು. ಎಲ್ಲರ ಎದುರಿಗೆ ಹೇಳಬೇಕು, ಇದು ಇವನದು ಅಂತ. ಇಲ್ಲ, ಸುಮ್ಮನಿರಬೇಕು, ಸುಮ್ಮನಿದ್ದು ಕಳ್ಳಿಯೆಂದು ತಾನೇ ತೋರಿಸಿಕೊಳ್ಳಬೇಕು. ಎರಡರಲ್ಲಿ ಒಂದು. ಬೇರೆ ದಾರಿ ಇಲ್ಲ ಅವಳಿಗೆ.

ತನ್ನ ಕೊನೆಯಿಂದ ತನ್ನ ನೆರಳು ಬರೆದ. ಎಲ್ಲರೂ ಬೇಗ ಒಣಗುವ ಬಣ್ಣ ತರುವ ಕಡೆಗೂ ಅವನು ಎಣ್ಣೆಬಣ್ಣವನ್ನೇ ತರುತ್ತಿದ್ದ, ಹಟಕ್ಕೆ. ಆಮೇಲೆ ಎದ್ದು, ಸುತ್ತುಹಾಕಿ, ಆ ಕೊನೆಗೆ ಹೋಗಿ ಮೊಣಕಾಲೂರಿ ಅವಳ ನೆರಳು ಬರೆಯಲು ಶುರು ಮಾಡಿದ. ಎಂದೂ ಮುಟ್ಟಿರಲಿಲ್ಲ ಅದನ್ನು. ಅವಳ ಕೈ ಹೇಗೆ ಬೀಸುತ್ತಿತ್ತೋ ಹಾಗೆ ಬೀಸಿದ. ಬಂತು. ಅಷ್ಟು ಸಲೀಸಾಗಿ ಬಂದದ್ದು ಅವನಿಗೆ ಅವಮಾನವೆನಿಸಿತು, ಇಷ್ಟು ವರ್ಷ ಅವಳ ಕೈ ತನ್ನ ಕೈಯೊಳಗೇ ಬಾಡಿಗೆಗಿತ್ತೇನೋ ಎಂಬಂತೆ.

ಬಾಗಿಲ ಮುಂದೆ ಮಡಿಸುವ ಕುರ್ಚಿ ಹಾಕಿಕೊಂಡು ಬೀಸಣಿಗೆ ಆಡಿಸುತ್ತಿದ್ದ ಮುದುಕಿಯೊಬ್ಬಳು ಬೆಳಗಿನಿಂದ ನೋಡುತ್ತಿದ್ದಳು. “ಏನಪ್ಪಾ, ಗೋಪುರ ಬೇಡ್ವಾ?”

“ಬೇಡ ಅಜ್ಜಿ.”

“ನಿನ್ನಿಷ್ಟ. ಹೋದ್ ವರ್ಷ ಒಬ್ಬ ನಮ್ಮನೆ ಬಾಗಿಲೇ ಬರ್ದಿದ್ದ, ನನ್ನ ಚಡ್ಡಿ ಒಣಗಾಕಿದ್ದೂ ಬರ್ದಿದ್ದ, ಹಾಳಾದೋನು.” ಬೀಸಣಿಗೆ ಮಡಿಸಿ ತೋರಿಸಿದಳು. “ಇದೇನು, ಕತ್ತರಿನಾ?”

“ನೆರಳು.”

“ಎರಡು ಯಾಕೆ? ಸೂರ್ಯ ಒಬ್ನೇ ಇದಾನಲ್ಲೋ. ಮನುಷ್ಯ ಯಾವಾಗ ಬರ್ತಾನೆ?”

“ಮನುಷ್ಯ ಬರಲ್ಲ.”

“ನಮ್ಮನೆಯವ್ರೂ ಹಂಗೇ. ಊಟಕ್ ಬರ್ತೀನಿ ಅಂತ ಹೋಗಿದ್ರು” ಎಂದು ಬೀಸಣಿಗೆ ಮತ್ತೆ ಬಿಚ್ಚಿದಳು. ಅವಳು ತಮಾಷೆ ಮಾಡಿದಳೋ ನಿಜ ಹೇಳಿದಳೋ ತಿಳಿಯಲಿಲ್ಲ. ತಿಳಿಯುವುದು ಬೇಕಿರಲೂ ಇಲ್ಲ.

ಚೌಕದಲ್ಲಿ ಚಿತ್ರಗಳು ಸಾಲಾಗಿ ನಿಂತವು: ಗೋಪುರ, ಗೋಪುರ, ನೀರಿನ ತೊಟ್ಟಿ, ಗಾಸ್ಪರನ ಮೂರು ಪಾರಿವಾಳ, ಗೋಪುರ. ಆ ಮೆರವಣಿಗೆಯಲ್ಲಿ ಅವನದು ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತಿತ್ತು. ಜನ ಕೈಯಲ್ಲಿ ಗ್ಲಾಸು ಹಿಡಿದು ಬಂದು, ಅದರ ಮುಂದೆ ನಿಂತು, ಒಬ್ಬರ ಮುಖ ಒಬ್ಬರು ನೋಡಿಕೊಂಡು ಮುಂದಕ್ಕೆ ಹೋಗುತ್ತಿದ್ದರು. ತೀರ್ಪುಗಾರರು ಬಂದರು. ಮುಂದೆ ಮೇಯರು, ಅವನ ಹಿಂದೆ ಬಿಳಿ ಕೋಟಿನ ವಿಮರ್ಶಕ, ಕೊನೆಗೆ ಒಲಾಯಾ. ವಿಮರ್ಶಕ ನಿಂತ. ಹುಬ್ಬು ಏರಿಸಿದ. ಅವನು ಎಲಾದಿಯೊನನ್ನು ನೋಡಲಿಲ್ಲ. ಚಿತ್ರದ ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತಿದ್ದಾನೆ ಅನ್ನುವುದೇ ಅವನಿಗೆ ಗೊತ್ತಿದ್ದಂತಿರಲಿಲ್ಲ.

“ಒಲಾಯಾ, ಬಾ ಬಾ, ನೋಡಿಲ್ಲಿ! ನಿನ್ನ ಮರಿ ಒಂದು ಇಲ್ಲಿವರೆಗೂ ಬಂದುಬಿಟ್ಟಿದೆ.” ಮೇಯರು ನಗಬೇಕೆಂದು ತಿಳಿದು ನಕ್ಕ. ವಿಮರ್ಶಕ ಇನ್ನಷ್ಟು ಬಗ್ಗಿದ. “ಕಾಪಿ ಅಂದ್ರೂ ನೀಟಾಗಿದೆ. ಒಂದು ನೆರಳಂತೂ ಥೇಟ್ ನಿನ್ನದೇ.”

ಅವಳು ನೋಡಿದಳು. ಮೊದಲು ಚಿತ್ರ, ಬಹಳ ಹೊತ್ತು, ಆಮೇಲೆ ಅವನನ್ನು. ತಲೆ ವಾಲಲಿಲ್ಲ. ಹೇಳು, ಎಂದು ಎಲಾದಿಯೊ ಮನಸ್ಸಿನಲ್ಲೇ ಕಿರುಚಿದ. ಹೇಳೇ ಈಗ. ಅವಳು ಏನೂ ಹೇಳದೆ ಮುಂದಿನ ಗೋಪುರದ ಕಡೆ ನಡೆದಳು. ಆಗ ಅವನೊಳಗೆ ಹರಡಿದ್ದು ದುಃಖವಲ್ಲ. ಹೆಚ್ಚು ಕಡಿಮೆ ಸುಖ. ಇಷ್ಟು ವರ್ಷದ ಸಿಟ್ಟಿಗೆ ಕೊನೆಗೂ ಸಾಕ್ಷಿ ಸಿಕ್ಕಿತು. ಕಳ್ಳಿ. ಅವನು ಗಾಸ್ಪರನ ಕೈಯಿಂದ ಗ್ಲಾಸು ಕಿತ್ತುಕೊಂಡು ಕುಡಿದ.

“ನಂದದು,” ಎಂದ ಗಾಸ್ಪರ್.

“ಗೊತ್ತು.”

ಊಟ ಮುಗಿಸಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಊರು ಮತ್ತೆ ಚೌಕದಲ್ಲಿ ಸೇರಿತು. ಮೇಯರು ಮೈಕಿಗೆ ಊದಿ ಊದಿ ನೋಡಿದ. ಮೊದಲ ಬಹುಮಾನ ಒಂದು ಗೋಪುರಕ್ಕೆ. ಎರಡನೆಯದು ಪಾರಿವಾಳಕ್ಕೆ, ಗಾಸ್ಪರ್ ಕುಣಿಯುತ್ತ ಹೋದ. “ಇನ್ನು ಮೂರನೇದು, ಉಪ್ಪಲ್ಲಿ ಒಣಗಿಸಿದ ಹಂದಿ ತೊಡೆ, ನಮ್ಮ ಊರಿಂದೇ, ನಮ್ಮ ಮಾವನ ಮನೇದು!” ಜನ ಕೇಕೆ ಹಾಕಿದರು. “ನಮ್ಮ ಅತಿಥಿ ಒಲಾಯಾ ಅವರ ಜಗತ್ಪ್ರಸಿದ್ಧ ಎರಡು ನೆರಳಿಗೆ ಗೌರವ ಸಲ್ಲಿಸಿದ... ಎಲಾದಿಯೊ ಅವರಿಗೆ!”

ಕಾಲುಗಳು ಅವನನ್ನು ವೇದಿಕೆಯ ಕಡೆ ಒಯ್ದವು. ಚಿತ್ರವನ್ನು ಯಾರೋ ಆಗಲೇ ಅಲ್ಲಿಗೆ ತಂದು ನಿಲ್ಲಿಸಿದ್ದರು. ಗೌರವ. ತನ್ನ ಅಪ್ಪನನ್ನು ತಾನು ಬರೆದು ಬೇರೆಯವಳಿಗೆ ಗೌರವ. ಬಾಯಿಗೆ ಬಂದದ್ದನ್ನು ಮೈಕಿನಲ್ಲಿ ಅಂದುಬಿಡಬೇಕೆಂದು ಅವನು ಮೆಟ್ಟಿಲು ಹತ್ತುವಷ್ಟರಲ್ಲಿ ಒಲಾಯಾ ಕುರ್ಚಿಯಿಂದ ಎದ್ದಳು. ಮೇಯರನ ಕೈಯಿಂದ ಮೈಕು ತೆಗೆದುಕೊಂಡಳು.

“ಒಂದ್ ನಿಮಿಷ. ಇದು ನನಗೆ ಗೌರವ ಅಲ್ಲ. ಇದು ನನ್ನದೇ ಅಲ್ಲ. ಎರಡು ನೆರಳು ಇವರದು. ಶುರು ಮಾಡಿದ್ದು ಇವರು. ನಾವಿಬ್ರೂ ಒಟ್ಟಿಗೆ ಬರೀತಿದ್ವಿ. ಆಮೇಲೆ ನನ್ನ ಹೆಸರು ಒಂದೇ ಉಳೀತು. ಅದನ್ನ ನಾನು ಎಲ್ಲೂ ಹೇಳಿಲ್ಲ. ಇವತ್ತು ಹೇಳ್ತಿದೀನಿ.” ಮೈಕನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. “ಅದು ಯುದ್ಧನೂ ಅಲ್ಲ, ಎರಡು ಸ್ಪೇನೂ ಅಲ್ಲ. ಇವರ ತಂದೆ ಗೋಲ್‌ಕೀಪರ್ ಆಗಿದ್ರು. ಎರಡು ದೀಪದ ಕೆಳಗೆ ನಿಂತಿದ್ರು. ಜನ ನಕ್ಕರು. ಇವರೂ ನಕ್ಕರು, ಆಗ ಚಿಕ್ಕೋರು. ಅದಕ್ಕೇ ನಡುವೆ ಖಾಲಿ.”

ಆಮೇಲೆ ಎಲ್ಲಿಂದಲೋ ಒಂದು ಚಪ್ಪಾಳೆ, ಅದರ ಬೆನ್ನಿಗೆ ಹತ್ತು, ಅದರ ಬೆನ್ನಿಗೆ ಇಡೀ ಊರು. ಜನ ಎದ್ದು ನಿಂತರು. ಅವರು ನೋಡುತ್ತಿದ್ದದ್ದು ಅವಳನ್ನು. “ಎಷ್ಟ್ ದೊಡ್ಡ ಮನ್ಸು ನೋಡ್ರೀ!” “ಯಾರ್ ಹೇಳ್ಕೋತಾರೆ ಈ ಕಾಲ್ದಲ್ಲಿ!” “ಒಂಚೂರೂ ಜಂಬ ಇಲ್ಲ.” ವಿಮರ್ಶಕ ಕಣ್ಣೊರೆಸಿಕೊಂಡು ಪೆನ್ನು ಹುಡುಕುತ್ತಿದ್ದ; ಅವನ ಮುಂದಿನ ಲೇಖನವನ್ನು ಎಲಾದಿಯೊ ಇಲ್ಲಿಂದಲೇ ಓದಿಬಿಟ್ಟ: ಒಲಾಯಾಳ ವಿನಯ, ಒಲಾಯಾಳ ಧೈರ್ಯ. ಒಬ್ಬ ಹೆಂಗಸು ಎಲಾದಿಯೊನ ಕೆನ್ನೆ ತಟ್ಟಿ, “ಪಾಪ, ಅಪ್ಪನ್ ನೋಡಿ ನಕ್ಬಿಟ್ಯಾ ಮಗನೇ? ಹೋಗ್ಲಿ ಬಿಡು, ಮಕ್ಳು ನಗ್ತಾವೆ” ಎಂದಳು. ಅವನು ಬೇಡಿಕೊಂಡದ್ದು, ಒಂದು ಮಾತೂ ಬಿಡದೆ, ಕೈಗೆ ಸಿಕ್ಕಿತ್ತು. ಅದರ ಜೊತೆಗೆ ಕೊಕ್ಕೆಯ ಕೆಳಗೆ ಬಚ್ಚಿಟ್ಟಿದ್ದ ಅಪ್ಪನೂ ಊರ ಚೌಕದಲ್ಲಿ ಬಂದು ನಿಂತಿದ್ದ, ಹೊಟ್ಟೆ ಬಿಟ್ಟುಕೊಂಡು. ಹೋಗಲಿ, ಅವಳು ಸುಳ್ಳು ಹೇಳಿದ್ದರೆ, ಸುಮ್ಮನಿದ್ದಿದ್ದರೆ, ಇವತ್ತು ರಾತ್ರಿಗೂ ನಾಳೆಗೂ ತಿನ್ನಲು ಏನಾದರೂ ಉಳಿದಿರುತ್ತಿತ್ತು. ಸಿಟ್ಟನ್ನೂ ಒಯ್ದಳು. ಇನ್ನು ಬೆಳಿಗ್ಗೆ ಎದ್ದು ಯಾವುದನ್ನು ಹಿಡಿದುಕೊಂಡು ಹಾಸಿಗೆಯಿಂದ ಇಳಿಯಬೇಕು?

ಅವಳು ಮೈಕು ಕೊಟ್ಟು ಅವನ ಹತ್ತಿರ ಬಂದಳು. ಚಪ್ಪಾಳೆಯ ಕೆಳಗಿನಿಂದ, ಅವನಿಗಷ್ಟೇ ಕೇಳುವಂತೆ, “ಸರಿ ಹೇಳಿದ್ನಾ? ಎಷ್ಟೋ ಸಲ ಕನ್ನಡಿ ಮುಂದೆ ಹೇಳಿ ನೋಡಿದ್ದೆ” ಎಂದಳು. ಮುಖದಲ್ಲಿ ಒಂದಿಷ್ಟೂ ಕಪಟವಿರಲಿಲ್ಲ. ಅದೇ ಸಹಿಸಲಾಗದ್ದು. ಜನ ತನ್ನನ್ನು ನೋಡಿ ಎದ್ದು ನಿಂತಿದ್ದಾರೆಂಬುದು ಆಗ ಅವಳಿಗೂ ಹೊಳೆದಿರಬೇಕು. “ಅಯ್ಯೋ, ಇವರಿಗ್ಯಾಕೆ...” ಎಂದು ಶುರುಮಾಡಿದವಳು ಮುಗಿಸಲಿಲ್ಲ.

“ಮೈಕ್ ಚೆನ್ನಾಗಿತ್ತು. ಕೊನೇ ಕುರ್ಚಿವರೆಗೂ ಕೇಳಿಸ್ತು,” ಎಂದ ಎಲಾದಿಯೊ.

ಜೇಬಿನಿಂದ ಚಿಂದಿ ತೆಗೆದ. ಟರ್ಪೆಂಟೈನ್ ಸುರಿದುಕೊಂಡ. ಬಣ್ಣ ಇನ್ನೂ ಹಸಿಯಿತ್ತು. ಚಿತ್ರದ ಮೇಲೆ ಬಗ್ಗಿ, ಒಂದು ನೆರಳನ್ನು ಕಾಲಿನಿಂದ ತಲೆಯವರೆಗೆ ಒರೆಸಿದ, ಮತ್ತೆ ಒರೆಸಿದ, ಬಟ್ಟೆಯ ನೇಯ್ಗೆ ಕಾಣುವ ತನಕ ತಿಕ್ಕಿದ. ಯಾರೂ ತಡೆಯಲಿಲ್ಲ, ಕಲಾವಿದರು ಕೊನೆಗಳಿಗೆಯಲ್ಲಿ ಏನೋ ತಿದ್ದುತ್ತಾರೆಂಬುದು ಅವರಿಗೆ ಗೊತ್ತು. ಉಳಿದದ್ದು ಒಂದು ಕೊಳಕು ಮೋಡ, ಒಂದು ನೆರಳು, ಒಂದು ಖಾಲಿ ಮನುಷ್ಯ. ಮೇಯರು ಎರಡು ಹೆಜ್ಜೆ ಹಿಂದಕ್ಕೆ ಹೋಗಿ ನೋಡಿದ. ಮುಖ ಅರಳಿತು.

“ಹಾಂ! ಈಗ ನೋಡಿ! ಈಗ ನಮ್ಮಂಥೋರಿಗೂ ಅರ್ಥ ಆಗುತ್ತೆ.”

ಮತ್ತೆ ಚಪ್ಪಾಳೆ. ಒಲಾಯಾ ತಟ್ಟಲಿಲ್ಲ. ಅವಳು ಕ್ಯಾನ್ವಾಸಿಗೆ ಮುಖ ತಂದು, ಒರೆಸಿದ ಜಾಗವನ್ನೂ ಉಳಿದ ನೆರಳನ್ನೂ ನೋಡಿದಳು. “ಯಾವುದನ್ನ ಒರೆಸ್ದೆ ಎಲಾ?” ಎಂದಳು ಮೆಲ್ಲಗೆ. “ನಂದಾ, ನಿಂದಾ?”

ನಿನ್ನದನ್ನ ಎಂದು ಹೇಳಲು ಅವನು ಬಾಯಿ ತೆರೆದ. ಉಳಿದ ನೆರಳನ್ನು ನೋಡಿದ. ಕಲ್ಲುಹಾಸಿನ ಮೇಲೆ ಮಲಗಿದ್ದಾಗ ಈ ಕೊನೆ, ಆ ಕೊನೆ ಇತ್ತು. ಈಗ ಎದ್ದು ನಿಂತಿತ್ತು. ಬೆಳಗಿನಿಂದ ಎರಡನ್ನೂ ಬರೆದದ್ದು ಈ ಒಂದೇ ಕೈ. ಕುಂಚದ ಬೀಸನ್ನು ಕಣ್ಣಿನಿಂದ ಹಿಂಬಾಲಿಸಿದ, ತಲೆಯಿಂದ ಕಾಲಿಗೆ, ಕಾಲಿನಿಂದ ತಲೆಗೆ. ಗೊತ್ತಾಗಲಿಲ್ಲ. ಅವಳು ಕಾಯುತ್ತಿದ್ದಳು. ನಿಜಕ್ಕೂ ತಿಳಿಯಬೇಕೆಂದೇ ಕಾಯುತ್ತಿದ್ದಳು.

“ಬನ್ನಿ, ಹಿಡ್ಕೊಳ್ಳಿ,” ಎಂದು ಮೇಯರು ಬಟ್ಟೆ ಸುತ್ತಿದ ಹಂದಿ ತೊಡೆಯನ್ನು ಹೊತ್ತುಕೊಂಡು ಏದುಸಿರು ಬಿಡುತ್ತ ಬಂದ. “ಭಾರ ಇದೆ ಸ್ವಾಮೀ. ಚಿಂದಿ ಬಿಸಾಕಿ, ಎರಡೂ ಕೈ ಕೊಡಿ.”

ಎಲಾದಿಯೊ ಎರಡೂ ಕೈ ಚಾಚಿದ.